ಡೈರೆಕ್ಟ್ ಮಾಡಿದ ಕಾರು

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ತ್ಯಾಂಪಣ್ಣನ ಕೈ, ದಣಿ ಕೃಷ್ಣಮೋಹನರ ಮಾತು ಕಿವಿಗೆ ಬಿದ್ದದ್ದೇ ತಡ, ನಿಂತುಹೋಯಿತು.

"ಅದು ಅಮೆರಿಕದ ಕಾರು. ಒಳಗೆ ಕಂಪ್ಯೂಟರಿನ ಪೆಟ್ಟಿಗೆ ಉಂಟು. ಬೆಲ್ಟ್ ಕಟ್ಟದೆ ಸ್ಟಾರ್ಟೇ ಆಗುದಿಲ್ಲ. ಬೆಲ್ಟ್ ಇದ್ದವ ಹೊರಗೆ ಹೇಗೆ ಬೀಳ್ತಾನೆ? ತಾನೇ ಬಿಚ್ಚಿ ಹಾರಿದ್ದು."

ಕಲ್ಲುಗುಂಡಿಯ ತಿರುವಿನಲ್ಲಿ ಕಾರು ರಸ್ತೆ ಬದಿಯ ಮಣ್ಣಿನ ಧರೆಗೆ ಒರಗಿ ನಿಂತಿತ್ತು. ಒಂದು ದೀಪ ಒಡೆದದ್ದು ಬಿಟ್ಟರೆ ಅದಕ್ಕೇನೂ ಆಗಿರಲಿಲ್ಲ. ಡ್ರೈವರ್ ಬೆಳ್ಯಪ್ಪ ಮಾತ್ರ ತೆರೆದ ಬಾಗಿಲಿನಿಂದ ಹೊರಗೆ ಬಿದ್ದು, ಮೋರಿಯ ಕಲ್ಲಿಗೆ ತಲೆ ಬಡಿದು ಸತ್ತಿದ್ದ. ಈಗ ಮಂಡೆಕೋಲಿನ ತನ್ನ ಮನೆಯ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಹದಿನಾರು ವರ್ಷ ದಣಿಗಳ ಮನೆಯ ಗಾಡಿ ಓಡಿಸಿ, ಒಂದು ನಾಯಿಗೂ ಗಾಲಿ ತಾಗಿಸದ ಪಾಪದ ಜೀವ.

ಬೆಳ್ಯಪ್ಪನ ಚಿಕ್ಕಪ್ಪ ಕುಕ್ಕಪ್ಪ, ಸತ್ತವನ ಹೆಂಡತಿ ಲೋಲಾಕ್ಷಿಯ ಕಡೆ ತಿರುಗಿದ. "ಮನೆಯಲ್ಲಿ ಎಂತ ಆಗಿತ್ತು ಮಗಳೇ? ಜಗಳ ಮಾಡಿದ್ರಾ?"

"ಇಲ್ಲ ಮಾವ" ಎಂದಳು ಲೋಲಾಕ್ಷಿ. ಅಲ್ಲಿದ್ದ ಯಾರೂ ಅದನ್ನು ನಂಬಿದ ಹಾಗೆ ಕಾಣಲಿಲ್ಲ.

*

ಎರಡು ತಿಂಗಳ ಹಿಂದೆ, ಎಪ್ಪತ್ತೊಂಬತ್ತರ ಬೇಸಗೆಯಲ್ಲಿ, ಸುಳ್ಯದ ತ್ಯಾಂಪಣ್ಣನ ವಯರಿಂಗ್ ಶೆಡ್ಡಿಗೆ ಬೆಳ್ಯಪ್ಪ ಅದೇ ಕಾರು ತಂದಿದ್ದ.

"ಮೊದಲು ಕೂರ್ಬೇಕಂತೆ, ಮತ್ತೆ ಬೆಲ್ಟ್, ಮತ್ತೆ ಚಾವಿ. ಹಿಂದೆ ಮುಂದೆ ಆದ್ರೆ ಅಲುಗುದಿಲ್ಲ ಮಾರಾಯ. ದನ ಕಟ್ಟಿ ಹಾಕಿದ ಹಾಗೆ! ಪೇಟೆಯಲ್ಲಿ ಎಲ್ಲ ನಗ್ತಾರೆ."

ತ್ಯಾಂಪಣ್ಣನಿಗೆ ಇಂಥ ಪೆಟ್ಟಿಗೆಗಳೆಂದರೆ ತಾತ್ಸಾರ. ತನಗೆ ತಿಳಿಯದ್ದನ್ನೆಲ್ಲ ದಾಟಿಸಿ ಎರಡು ವಯರು ಸೇರಿಸಿಬಿಡುವುದೇ ಅವನ ವಿದ್ಯೆ. ಅದಕ್ಕೆ ಅವನು ಹೇಳುವುದು ಡೈರೆಕ್ಟ್ ಎಂದು. ಹತ್ತು ನಿಮಿಷ ಸಾಕಾಯಿತು. ಬೆಲ್ಟನ್ನು ಸೀಟಿನ ಅಡಿಗೆ ತುರುಕಿ ಬೆಳ್ಯಪ್ಪ ಮದುಮಗನ ಹಾಗೆ ನಕ್ಕಿದ್ದ.

"ದಣಿಗಳಿಗೆ ಹೇಳ್ಬೇಡ, ಆಯ್ತಾ?"

*

ಹೇಳದಿದ್ದರೆ ಸತ್ತವನಿಗೆ ಆತ್ಮಹತ್ಯೆಯ ಹೆಸರು, ಅವನ ಹೆಂಡತಿಯ ಮೇಲೆ ಊರಿನ ಬಾಯಿ. ಹೇಳಿದರೆ ಕೊಂದವನು ತಾನೇ. ತ್ಯಾಂಪಣ್ಣನಿಗೆ ಸುಮ್ಮನಿದ್ದುಬಿಡುವ ಆಸೆಯಾಯಿತು. ಕೊನೆಗೆ ಕತ್ತಿ ಕೆಳಗಿಟ್ಟು ಚಾವಡಿ ಹತ್ತಿದ.

"ಬೆಳ್ಯಪ್ಪ ಹಾರಿದ್ದಲ್ಲ ದಣಿ. ಆ ಪೆಟ್ಟಿಗೆಯನ್ನು ನಾನು ಡೈರೆಕ್ಟ್ ಮಾಡಿದ್ದೆ. ಬೆಲ್ಟ್ ಇಲ್ಲದೆಯೂ ಸ್ಟಾರ್ಟ್ ಆಗ್ತಿತ್ತು. ಎರಡು ತಿಂಗಳಿಂದ ಅವ ಅದನ್ನು ಹಾಕಿಯೇ ಇಲ್ಲ."

ಕೃಷ್ಣಮೋಹನರು ತಲೆ ತಗ್ಗಿಸಿದರು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಲೋಲಾಕ್ಷಿ ಗಂಡನ ಎದೆಯ ಮೇಲೆ ಬಿದ್ದು ಗೋಳೋ ಎಂದು ಅತ್ತಳು.

ಸತ್ತವನ ಬಾಯಿಗೆ ನೀರು ಬಿಡುವ ಹೊತ್ತಾಯಿತು. ತುಳಸಿ ಹಾಕಿದ ನೀರಿನ ಗಿಂಡಿ ಕೈಯಿಂದ ಕೈಗೆ ಬಂತು. ತ್ಯಾಂಪಣ್ಣ ಎರಡೂ ಕೈ ಒಡ್ಡಿದ. ಲೋಲಾಕ್ಷಿ ಗಿಂಡಿಯನ್ನು ಆ ಕೈಗಳ ಮೇಲಿಂದ ದಾಟಿಸಿ, ಪಕ್ಕದಲ್ಲಿದ್ದ ಕೃಷ್ಣಮೋಹನರಿಗೆ ಕೊಟ್ಟಳು.