ಬಲಗಡೆಯ ಸ್ಪೀಕರ್

ಬನಹಟ್ಟಿಯ ಗಂಗಾರಾಮನ ಕಿವಿಯ ಬಗ್ಗೆ ಯಾರೂ ಹಗುರವಾಗಿ ಮಾತಾಡುವಂತಿರಲಿಲ್ಲ. ಎಂಟು ಪವರ್‌ಲೂಮುಗಳ ಒಡೆಯ, ಐವತ್ತನಾಲ್ಕರ ಗಂಡಸು. ಮೀಸೆಗೆ ಬಣ್ಣ ಹಚ್ಚುವುದೊಂದನ್ನು ಬಿಟ್ಟರೆ ಅವನಿಗಿದ್ದ ಡೌಲೆಲ್ಲ ಆ ಕಿವಿಯದೇ. ಓಣಿಯಲ್ಲಿ ಯಾರ ಮಗ್ಗ ಕೆಟ್ಟರೂ ಮೊದಲು ಅವನಿಗೆ ಫೋನು. ಬಂದವನೇ ಓಡುವ ಮಗ್ಗದ ಕಬ್ಬಿಣಕ್ಕೆ ಬಲಗೆನ್ನೆ ಆನಿಸಿ, ಕಣ್ಣು ಮುಚ್ಚಿ ಎರಡು ನಿಮಿಷ ನಿಲ್ಲುತ್ತಿದ್ದ. ಆಮೇಲೆ ಇಂಥ ಹಲ್ಲು ಸವೆದಿದೆ, ಇಂಥ ಬೋಲ್ಟು ಸಡಿಲಾಗಿದೆ ಎಂದು ಹೇಳಿ ಚಹಾ ಕುಡಿದು ಹೋಗುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು.

ಅಂಥ ಕಿವಿಗೇ ಮೋಸ ಮಾಡಲು ಜಮಖಂಡಿಯ ಅಂಗಡಿಕಾರನೊಬ್ಬ ಹೊರಟಿದ್ದಾನೆಂದು ಗೊತ್ತಾದಾಗ ಗಂಗಾರಾಮನಿಗೆ ಸಿಟ್ಟಿಗಿಂತ ಮೊದಲು ಬೆರಗೇ ಆಯಿತು. ಹೀಗೂ ಧೈರ್ಯ ಮಾಡುವವರು ಇರುತ್ತಾರೆಯೇ ಎಂದು ಬಾಯಿ ತೆರೆದು ಕೂತುಬಿಟ್ಟ.

ಸಂಗತಿ ಇಷ್ಟೇ. ಅವನ ಮನೆಯ ಪಡಸಾಲೆಯಲ್ಲಿ ಟಿವಿಯ ಎಡಕ್ಕೊಂದು ಬಲಕ್ಕೊಂದು ಎದೆಯೆತ್ತರದ ಸ್ಪೀಕರುಗಳಿದ್ದವು. ಐದು ವರ್ಷ ಹಳೆಯವು, ಹಾಡು ಹೊಡೆದಾಟಗಳಿಗೆ ಇಂದಿಗೂ ಗೋಡೆ ನಡುಗಿಸುವಂಥವು. ಆದರೆ ಮೂರ್ನಾಲ್ಕು ವರ್ಷಗಳಿಂದ ಸಿನಿಮಾದ ಮಾತುಗಳು ಮಾತ್ರ ಅವನಿಗೆ ಬಿಡಿಸಿ ಕೇಳುತ್ತಿರಲಿಲ್ಲ. ಈಗಿನ ನಟರು ಬಾಯಿ ಬಿಡದೆ ಗೊಣಗುತ್ತಾರೆ ಎಂದು ಅವನ ದೂರು. ಮುಧೋಳದ ಗೆಳೆಯ ಗಿರಮಲ್ಲಪ್ಪನ ಮನೆಯಲ್ಲಿ ಟಿವಿಯ ಕೆಳಗೆ ಅಡ್ಡಡ್ಡ ಮಲಗಿಸಿದ ಇನ್ನೊಂದು ಸ್ಪೀಕರನ್ನು ನೋಡಿದ. ಮಾತೆಲ್ಲ ಅದರಿಂದಲೇ ಬರುತ್ತದೆ, ಹಿಂದೆ ಇನ್ನೆರಡು ಇಟ್ಟರೆ ಸಿನಿಮಾದ ನಡುವೆಯೇ ಕೂತಂತೆ ಎಂದು ಗೆಳೆಯ ಹೇಳಿದ. ಮರುದಿನವೇ ಗಂಗಾರಾಮ ಜಮಖಂಡಿಯ ಬಸ್ಸು ಹತ್ತಿದ.

ಅಂಗಡಿ ಅಭಿನಂದನನದು. ತೇರದಾಳ ಕಡೆಯ ಜೈನರ ಹುಡುಗ, ಮೂವತ್ತು ತುಂಬಿರಲಿಲ್ಲ, ಅಂಗಡಿ ತೆರೆದು ಎರಡು ವರ್ಷವಾಗಿತ್ತು. ಗಿರಾಕಿ ಕೇಳಿದ್ದನ್ನು ಕೊಟ್ಟು ಕಳಿಸುವ ಜಾತಿಯವನಲ್ಲ. ಒಂದು ಕೋಣೆಯ ಐದೂ ಸ್ಪೀಕರುಗಳು ಒಂದೇ ಮನೆತನದವಾಗಿರಬೇಕು, ಇಲ್ಲದಿದ್ದರೆ ಎಡದಿಂದ ಬಲಕ್ಕೆ ಓಡುವ ಕಾರಿನ ದನಿ ದಾರಿಯಲ್ಲೇ ಬದಲಾಗುತ್ತದೆ ಎಂದು ತಿಳಿಹೇಳಿದ. ಗಂಗಾರಾಮನಿಗೆ ಅರ್ಥವಾಗಲಿಲ್ಲವೆಂದು ಮುಖದಲ್ಲೇ ಕಂಡು, ಅವನ ಕಸುಬಿನ ಮಾತಿನಲ್ಲೇ ಹೇಳಿದ.

“ಒಂದ ಸಲ ಬಣ್ಣಕ್ಕ ಹಾಕಿದ ನೂಲು ಇದ್ದಂಗ್ರಿ ಕಾಕಾ. ನಡುವ ಬ್ಯಾರೆ ಸಲದ ನೂಲು ಸೇರಿದ್ರ ಸೀರ್ಯಾಗ ಪಟ್ಟಾ ಎದ್ದು ಕಾಣತೈತಿ.”

ಆ ಮಾತಿಗೆ ಗಂಗಾರಾಮ ಸೋತ. ಹುಡುಗನ ಬೆನ್ನು ತಟ್ಟಿ, ಹಾಗಾದರೆ ಅದೇ ಮನೆತನದ್ದನ್ನೇ ಹುಡುಕು ಎಂದ. ಆ ಮಾದರಿಯ ತಯಾರಿಕೆ ನಿಂತುಹೋಗಿತ್ತು. ಅಭಿನಂದನ ಹದಿನೈದು ದಿನ ಫೋನು ತಿರುವಿ, ಕೊಲ್ಹಾಪುರದಿಂದ ನಡುವಿನದೊಂದು, ಹಿಂದಿನವೆರಡು, ಐದನ್ನೂ ನಡೆಸುವ ಹೊಸ ಆಂಪ್ಲಿಫೈಯರೊಂದನ್ನು ತರಿಸಿ ಬನಹಟ್ಟಿಗೆ ಬಂದು ಕೂಡಿಸಿದ.

ಕೂಡಿಸಿದ ಮೇಲೆ ಒಂದು ಪರೀಕ್ಷೆ ಇರುತ್ತದೆ. ಆಂಪ್ಲಿಫೈಯರು ಒಂದೊಂದೇ ಸ್ಪೀಕರಿನಲ್ಲಿ ಶ್ಶ್ ಎಂದು ಮಳೆ ಹೊಯ್ದಂಥ ಸದ್ದು ಮಾಡುತ್ತ ಕೋಣೆಯನ್ನು ಸುತ್ತುತ್ತದೆ. ಐದರಲ್ಲೂ ಅದು ಒಂದೇ ತೆರನಾಗಿ ಕೇಳಿದರೆ ಜೋಡಿ ಸರಿ ಎಂದರ್ಥ. ಗಂಗಾರಾಮ ಸೋಫಾದ ನಡುವೆ ಕೂತು ಕಣ್ಣು ಮುಚ್ಚಿದ. ಎಡಗಡೆಯದು ಸ್ವಚ್ಛ, ನಡುವಿನದು ಅಡ್ಡಿಯಿಲ್ಲ. ಬಲಕ್ಕೆ ಬಂದದ್ದೇ ಸದ್ದಿಗೆ ಕಂಬಳಿ ಹೊದಿಸಿದಂತಾಯಿತು. ಹಿಂದಿನ ಬಲಗಡೆಯದಂತೂ ಸತ್ತೇಹೋಗಿತ್ತು. ಹಿಂದಿನ ಎಡಕ್ಕೆ ಬಂದಾಗ ಮತ್ತೆ ಜೀವ ಬಂತು.

ಹಿಂದಿನ ಬಲಗಡೆಯದು ಖೊಟ್ಟಿ ಮಾಲು ಎಂದು ಅವನು ತೀರ್ಪು ಕೊಟ್ಟ. ಅಭಿನಂದನ ಕಣ್ಣು ಕಣ್ಣು ಬಿಟ್ಟ. ಅವನಿಗೆ ಐದೂ ಒಂದೇ ಆಗಿ ಕೇಳಿದ್ದವು. ಬಾಗಿಲಲ್ಲಿ ನಿಂತಿದ್ದ ರೇಷ್ಮಾಳನ್ನು, ಗಂಗಾರಾಮನ ಹೆಂಡತಿಯನ್ನು, ಕೇಳಿದ. ಅವಳು ತನಗೂ ಒಂದೇ ಎಂದಳು. ನಿನಗೇನು ತಿಳಿಯುತ್ತದೆ ಎಂದು ಗಂಡ ಅವಳ ಬಾಯಿ ಮುಚ್ಚಿಸಿದ. ಗಿರಾಕಿಯ ಜೊತೆ ವಾದವೇಕೆಂದು ಅಭಿನಂದನ ಹಿಂದಕ್ಕೆ ಬೇರೆ ಜೋಡಿ ತರಿಸಿ ಹಾಕಿದ. ಆದರೂ ಬಲಗಡೆಯದು ಸತ್ತೇ ಇತ್ತು. ಮೊದಲ ಸಲ ಲೆಕ್ಕಕ್ಕೆ ಹಿಡಿಯದಿದ್ದ ಇನ್ನೊಂದನ್ನೂ ಗಂಗಾರಾಮ ಈ ಸಲ ಎತ್ತಿ ತೋರಿಸಿದ: ಮುಂದಿನ ಬಲಗಡೆಯದು, ಐದು ವರ್ಷದಿಂದ ನೆಟ್ಟಗಿದ್ದ ಅವನ ಸ್ವಂತ ಸ್ಪೀಕರು, ಅದೂ ಮಂಕಾಗಿತ್ತು. ಈ ಹುಡುಗನ ಆಂಪ್ಲಿಫೈಯರು ತನ್ನ ಹಳೆಯದನ್ನೂ ತಿಂದುಹಾಕಿತು ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಸಂಜೆಗೆ ನೇಕಾರರ ವಾಟ್ಸ್ಯಾಪ್ ಗುಂಪಿನಲ್ಲಿ ಅಂಗಡಿಯ ಹೆಸರು ಹಾಕಿ, ಡುಪ್ಲಿಕೇಟ್ ಮಾಲು, ಎಲ್ಲರೂ ಹುಷಾರಾಗಿರಿ ಎಂದು ಹಾಕಿಬಿಟ್ಟ. ಅಷ್ಟಕ್ಕೇ ನಿಲ್ಲಿಸಲಿಲ್ಲ. ತನ್ನ ಕಿವಿ ಸುಳ್ಳಾದರೆ ಇನ್ನು ಯಾರ ಮಗ್ಗಕ್ಕೂ ಕಿವಿ ಹಚ್ಚುವುದಿಲ್ಲ ಎಂದೂ ಸೇರಿಸಿದ. ಗಂಗಾರಾಮನ ಕಿವಿ ಹೇಳಿದ ಮೇಲೆ ಕೇಳುವುದೇನು, ವಾರದಲ್ಲಿ ಎರಡು ಮದುವೆ ಮನೆಗಳು ಅಭಿನಂದನನಿಗೆ ಹೇಳಿದ್ದ ಟಿವಿಗಳನ್ನು ಬೇಡವೆಂದವು. ಹೊಸ ಅಂಗಡಿಗೆ ಹೆಸರು ಕೆಟ್ಟರೆ ಬಾಗಿಲು ಹಾಕುವುದೇ. ಈಗ ಎರಡರಲ್ಲಿ ಒಂದು ಸುಳ್ಳಾಗಲೇಬೇಕಿತ್ತು, ಇಲ್ಲವೆ ಆ ಹುಡುಗನ ಮಾಲು, ಇಲ್ಲವೆ ಗಂಗಾರಾಮನ ಕಿವಿ.

ಅಭಿನಂದನ ಅಮಾವಾಸ್ಯೆಯ ದಿನ ನೋಡಿಕೊಂಡು ಬಂದ. ಅವತ್ತು ಮಗ್ಗಗಳು ನಿಂತಿರುತ್ತವೆ. ಪಡಸಾಲೆಯ ಹಿಂದಿನ ಗೋಡೆಯಾಚೆಯೇ ಗಂಗಾರಾಮನ ಮಗ್ಗಗಳ ಶೆಡ್ಡು. ಉಳಿದ ದಿನ ಆ ಮನೆಯಲ್ಲಿ ಉಪ್ಪು ಕೊಡು ಎನ್ನಲೂ ಕೂಗಬೇಕು. ಶೆಡ್ಡಿನೊಳಗೆ ಹೋದರೆ ಕೂಗಿಯೂ ಪ್ರಯೋಜನವಿಲ್ಲ, ತುಟಿ ನೋಡಿ, ಕೈಸನ್ನೆ ನೋಡಿ ತಿಳಿಯುವುದು. ಅವತ್ತು ಮಾತ್ರ ಗಡಿಯಾರದ ಟಿಕ್‌ಟಿಕ್ ಕೂಡ ಅಭಿನಂದನನಿಗೆ ಕೇಳುತ್ತಿತ್ತು.

ರೇಷ್ಮಾ ಚಹಾ ತಂದಿಟ್ಟು ಸೋಫಾದ ಬಲತುದಿಯಲ್ಲಿ, ದಿನವೂ ತಾನು ಕೂರುವ ಜಾಗದಲ್ಲಿ ಕೂತಳು. ಒಂದು ಕಾಲಕ್ಕೆ ಬಾಯಿಗೆ ಬಿಡುವು ಕೊಡದ ಹೆಂಗಸು. ಎರಡು ವರ್ಷದ ಹಿಂದೆ ತಾಯಿ ಹೊಳೆವ್ವ ತೀರಿಕೊಂಡ ಮೇಲೆ ಹೂಂ, ಇಲ್ಲ ಎಂಬೆರಡು ಮಾತಿಗೆ ಇಳಿದಿದ್ದಳು. ತಾಯಿ ಹೋದ ಸಂಕಟ, ಕಾಲ ಬಂದರೆ ಸರಿಹೋಗುತ್ತದೆ ಎಂದು ಗಂಗಾರಾಮ ಸುಮ್ಮನಿದ್ದ.

ಅಭಿನಂದನ ಒಂದು ಮಾತೂ ಹೆಚ್ಚು ಆಡದೆ ಕೆಲಸಕ್ಕೆ ತೊಡಗಿದ. ಮೊದಲು ಬಲಗಡೆಯ ಸ್ಪೀಕರನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಹೊತ್ತಿಟ್ಟ. ಶ್ಶ್ ಸದ್ದು ಸುತ್ತಿತು. ಕೆಟ್ಟಿತ್ತೆಂದು ಗಂಗಾರಾಮ ಹೇಳಿದ್ದ ಸ್ಪೀಕರು ಎಡಕ್ಕೆ ಹೋದದ್ದೇ ಸ್ವಚ್ಛವಾಯಿತು, ನೆಟ್ಟಗಿದ್ದದ್ದು ಬಲಕ್ಕೆ ಬಂದು ಮಂಕಾಯಿತು. ಹಾಗಾದರೆ ಆಂಪ್ಲಿಫೈಯರಿನ ಬಲಗಡೆ ಕೆಟ್ಟಿದೆ ಎಂದ ಗಂಗಾರಾಮ. ಹುಡುಗ ವೈರುಗಳನ್ನೂ ಅದಲುಬದಲು ಮಾಡಿದ. ಬಲಗಡೆ ಮತ್ತೆ ಮಂಕೇ. ಗಂಗಾರಾಮ ಗೋಡೆಯನ್ನು ಬೈದ, ಕಿಟಕಿಯ ಪರದೆಯನ್ನು ಬೈದ. ಆ ಪರದೆಯನ್ನೂ ಬಿಚ್ಚಿ ಎಸೆದದ್ದಾಯಿತು.

ಅಭಿನಂದನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಆಗಲೇ ಗೊತ್ತಾಗಿತ್ತು. ಹೇಳುವುದು ಹೇಗೆಂಬುದೇ ತಿಳಿದಿರಲಿಲ್ಲ.

“ಕಾಕಾ, ಒಂದೀಟ ಟಿವಿ ಕಡೆ ಬೆನ್ನ ಮಾಡಿ ಕುಂದರ್ತೀರೇನ್ರಿ?”

ಇದೇನು ಹುಚ್ಚು ಎಂದು ಗೊಣಗುತ್ತಲೇ ಗಂಗಾರಾಮ ಒಂದು ಕುರ್ಚಿ ಎಳೆದು ಗೋಡೆಗೆ ಮುಖ ಮಾಡಿ ಕೂತ. ಶ್ಶ್ ಸದ್ದು ಮತ್ತೆ ಸುತ್ತತೊಡಗಿತು. ಇಷ್ಟು ದಿನ ಸತ್ತಿದ್ದ ಸ್ಪೀಕರುಗಳೆರಡೂ ಒಮ್ಮೆಲೇ ಜೀವ ಪಡೆದವು. ಇಷ್ಟು ದಿನ ಸ್ವಚ್ಛವಿದ್ದ ಎರಡಕ್ಕೆ ಕಂಬಳಿ ಬಿತ್ತು. ಗಂಗಾರಾಮ ತಿರುಗಿ ನೋಡಿದ. ಸ್ಪೀಕರುಗಳನ್ನು ಯಾರೂ ಮುಟ್ಟಿರಲಿಲ್ಲ. ತಿರುಗಿದ್ದು ಅವನ ತಲೆ ಮಾತ್ರ.

ಇನ್ನೊಮ್ಮೆ ಹಾಕು ಎಂದ. ಇನ್ನೊಮ್ಮೆಯೂ ಹಾಗೇ ಆಯಿತು. ಆಗ ಅಭಿನಂದನ ಹತ್ತಿರ ಬಂದು, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, ಎಡಗಿವಿಗೆ ಬೆರಳು ಇಟ್ಟು ಗಟ್ಟಿಯಾಗಿ ಮುಚ್ಚಿಕೊಳ್ಳಲು ಹೇಳಿದ.

ಮುಚ್ಚಿಕೊಂಡದ್ದೇ ಕರೆಂಟು ಹೋಯಿತು ಎಂದುಕೊಂಡ ಗಂಗಾರಾಮ. ಆದರೆ ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅಭಿನಂದನನ ತುಟಿಗಳು ಅಲ್ಲಾಡುತ್ತಿದ್ದವು, ರೇಷ್ಮಾಳ ತುಟಿಗಳೂ. ದನಿ ಮಾತ್ರ ಎಲ್ಲೋ ಪಕ್ಕದ ಊರಿನಲ್ಲಿ ಉಳಿದುಬಿಟ್ಟಿತ್ತು. ಬೆರಳು ತೆಗೆದ, ಲೋಕ ವಾಪಸು ಬಂತು. ಮತ್ತೆ ಇಟ್ಟ, ಹೋಯಿತು.

ಯಾರಿಗೂ ಏನೂ ಹೇಳದೆ ಎದ್ದು ಶೆಡ್ಡಿಗೆ ನಡೆದ. ಅಮಾವಾಸ್ಯೆಯೆಂಬುದನ್ನೂ ನೋಡದೆ ಮೂರನೇ ಮಗ್ಗದ ಸ್ವಿಚ್ಚು ಒತ್ತಿದ. ಎಡಗಿವಿ ಮುಚ್ಚಿಕೊಂಡು, ಊರೆಲ್ಲ ಹೊಗಳುವ ಬಲಗಿವಿಯನ್ನು ಮಗ್ಗದ ಹತ್ತಿರ ಒಯ್ದ. ಕಬ್ಬಿಣಕ್ಕೂ ಕಿವಿಗೂ ನಡುವೆ ಒಂದು ಗೇಣು ಬಿಟ್ಟು ನಿಂತರೆ ದೂರದಲ್ಲೆಲ್ಲೋ ಗುಂಯ್ಗುಡುವುದು ಬಿಟ್ಟು ಏನೂ ಇರಲಿಲ್ಲ. ಕೆನ್ನೆ ಆನಿಸಿದ. ಆಗ ಎಲ್ಲ ಬಂತು, ಹಲ್ಲಿನ ಸವೆತ, ಬೋಲ್ಟಿನ ಅಲುಗಾಟ, ಲಾಳಿಯ ಪೆಟ್ಟು. ಬಂದದ್ದು ಕೆನ್ನೆಯ ಎಲುಬಿನಿಂದ, ಹಲ್ಲಿನ ಬೇರಿನಿಂದ. ಇಷ್ಟು ವರ್ಷ ಅವನು ಮಗ್ಗಗಳ ರೋಗ ಹೇಳಿದ್ದು ಎಲುಬಿನಿಂದ, ಕಿವಿಯಿಂದಲ್ಲ. ಆ ಕಿವಿ ಯಾವತ್ತು ತೀರಿಹೋಗಿತ್ತೋ, ಹೇಳುವವರಿಲ್ಲ. ಬನಹಟ್ಟಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವಾಗ ಒಂದು ಕಿವಿ ಸತ್ತದ್ದು ಯಾರಿಗೆ ಗೊತ್ತಾಗಬೇಕು?

ಮಗ್ಗ ನಿಲ್ಲಿಸಿ ಪಡಸಾಲೆಗೆ ವಾಪಸು ಬಂದ. ಅಭಿನಂದನನ ಮುಂದೆ ನಿಂತು ಕೈಮುಗಿದ. ಗುಂಪಿನಲ್ಲಿ ಇವತ್ತೇ ಹಾಕುತ್ತೇನೆ, ನಿನ್ನ ಮಾಲು ಖರೆ, ನನ್ನ ಕಿವಿ ಸುಳ್ಳು ಎಂದು ಹಾಕುತ್ತೇನೆ ಎಂದ. ದೊಡ್ಡವರು ಹೀಗೆ ಕೈಮುಗಿಯಬಾರದು, ಬೆಳಗಾವಿಯಲ್ಲಿ ಒಳ್ಳೆಯ ಕಿವಿ ಡಾಕ್ಟರು ಇದ್ದಾರೆ, ತಾನೇ ಕರೆದೊಯ್ಯುತ್ತೇನೆ ಎಂದು ಆ ಹುಡುಗ ಏನೇನೋ ಸಮಾಧಾನ ಹೇಳಿದ. ಗೆದ್ದವನ ಮುಖದಲ್ಲಿ ಗೆಲುವಿರಲಿಲ್ಲ. ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದ.

ರೇಷ್ಮಾ ಸೋಫಾದ ಬಲತುದಿಯಲ್ಲೇ ಕೂತಿದ್ದಳು. ಗಂಗಾರಾಮ ಹೋಗಿ ತನ್ನ ಜಾಗದಲ್ಲಿ ಕುಸಿದ. ಅವಳು ಏನೋ ಅಂದಿರಬೇಕು, ಅವನು ಅಲ್ಲಾಡಲಿಲ್ಲ. ಅವಳು ಅವನನ್ನು ದಿಟ್ಟಿಸಿ ನೋಡಿದಳು. ಮತ್ತೆ ಅದೇ ಮಾತು, ಅದೇ ತಗ್ಗಿದ ದನಿಯಲ್ಲಿ, ಬೇಕೆಂದೇ ಅಂದಳು. ಅವನು ಟಿವಿಯ ಕಪ್ಪು ಗಾಜನ್ನೇ ನೋಡುತ್ತಿದ್ದ. ಆಗ ಅವಳ ಬಣ್ಣವೇ ಇಳಿದುಹೋಯಿತು. ಎದ್ದು ಬಂದು ಅವನ ಎಡಗಡೆ ನಿಂತಳು.

“ಎಷ್ಟ ವರ್ಷ ಆತು ಹಿಂಗಾಗಿ?”

ಮೂರು ವರ್ಷವೋ ನಾಲ್ಕೋ, ತನಗೇ ತಿಳಿಯದು ಎಂದ ಗಂಗಾರಾಮ. ಮಾತು ಬಿಡಿಸಿ ಕೇಳುತ್ತಿಲ್ಲವೆಂದು ಸ್ಪೀಕರುಗಳನ್ನು ಬೈಯಲು ಶುರುಮಾಡಿದ್ದು ಆಗಿನಿಂದಲೇ ಅಲ್ಲವೇ ಎಂದ.

ಅವಳು ಸೋಫಾದ ತೋಳನ್ನು ಹಿಡಿದುಕೊಂಡಳು. ಎರಡೂವರೆ ವರ್ಷದ ಹಿಂದೆ ಹೊಳೆವ್ವ ಇದೇ ಮನೆಗೆ ಬಂದು ಎಂಟು ದಿನ ಇದ್ದಳು. ಬೀಳಗಿಯಲ್ಲಿ ಮಗ ಶಿವಾಜಿಯ ಮನೆಯಲ್ಲಿ ಸೊಸೆಯ ಜೊತೆ ಹೊಂದಿಕೆಯಿರಲಿಲ್ಲ. ಕೊನೆಗಾಲವನ್ನು ಮಗಳ ಹತ್ತಿರ ಕಳೆಯುವ ಆಸೆ ಆ ಮುದುಕಿಗೆ. ಗಂಗಾರಾಮನಿಗೂ ಅತ್ತೆಯ ಮೇಲೆ ಜೀವ. ಬೀಳಗಿಗೆ ಯಾಕೆ ಅಷ್ಟು ಅವಸರದಲ್ಲಿ ಹೊರಟಳೆಂದು ಅವನು ಆಗ ಬೇಸರಪಟ್ಟಿದ್ದ. ಆರು ತಿಂಗಳಿಗೆ ಅವಳು ಅಲ್ಲೇ ತೀರಿಕೊಂಡಳು.

“ಅವ್ವನ್ನ ಇಲ್ಲೇ ಇಟಗೊಳ್ಳೂಣೇನ್ರಿ ಅಂತ ನಿಮ್ಮನ್ನ ಕೇಳಿದ್ನಿ” ಎಂದಳು ರೇಷ್ಮಾ. “ಅಲ್ಲೇ, ಆ ನನ್ನ ಜಾಗದಾಗ ಕುಂತು, ಮೂರ ಸಂಜೀ ಕೇಳಿದ್ನಿ. ಒಳಗ ಅವ್ವಗ ಕೇಳಬಾರ್ದಂತ ಸಣ್ಣಗ ಕೇಳಿದ್ನಿ. ನೀವು ಮಾರಿ ಸೈತ ತಿರುವಲಿಲ್ಲ. ಮೂರನೇ ಸಂಜಿಗಿ ರಿಮೋಟ್ ತಗೊಂಡು ಟಿವಿ ದನಿ ಏರಿಸಿದ್ರಿ.”

ಆ ಸಂಜೆ ಗಂಗಾರಾಮನಿಗೆ ನೆನಪಿರಲಿಲ್ಲ. ಆದರೆ ಮಾತು ಕೇಳದೆ ದನಿ ಏರಿಸಿದ ಸಂಜೆಗಳು ಎಷ್ಟೋ ಇದ್ದವು, ಇದೂ ಅವುಗಳಲ್ಲಿ ಒಂದಿರಲೇಬೇಕು. ಕೇಳಿದ್ದರೆ ಹೂಂ ಅನ್ನುತ್ತಿದ್ದೆ, ಎರಡು ಸಲ ಕೇಳುವ ಮಾತೇ ಇರಲಿಲ್ಲ ಎಂದ. ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದೇ ಅವಳ ಎರಡು ವರ್ಷದ ಸಿಟ್ಟು ನಿಲ್ಲಲು ನೆಲವಿಲ್ಲದೆ ಹೋಯಿತು. ಮುಖಕ್ಕೆ ಸೆರಗು ಒತ್ತಿಕೊಂಡಳು.

ಗಂಗಾರಾಮ, ಹೊಳೆವ್ವನಿಗೆ ಏನಂತ ಹೇಳಿ ಕಳಿಸಿದೆ ಎಂದು ಕೇಳಿದ. ಅವಳು ಸೆರಗು ತೆಗೆಯಲಿಲ್ಲ.

“ನೀವು ಬ್ಯಾಡ ಅಂದ್ರಿ ಅಂತ ಹೇಳಿದ್ನಿ. ಇರ್ಲಿ ತಗೋ, ಅವಂಗೂ ನಾ ಬ್ಯಾಡಾದ್ನೇನು ಅಂದ್ಳು ಅವ್ವ. ಮತ್ತ ನಿಮ್ಮ ಹೆಸರ ತಗೀಲಿಲ್ಲ.”

ರೇಷ್ಮಾ ಎಡಗಡೆ ನಿಂತಿದ್ದಳು. ಒಂದಕ್ಷರವೂ ತಪ್ಪದೆ ಗಂಗಾರಾಮನಿಗೆ ಕೇಳಿಸಿತು.