ತುಟಿ ಪಿಟಕ್ಕೆನ್ನದ ದಿನ

ನಮ್ಮಕ್ಕನಿಗೆ ಬೆಳಕು ಕಂಡಿತಂತೆ. ಹಾಗಂತ ಅವಳೇ ಹೇಳಿದಳು. ಅದೂ ಯಾವಾಗ? ಬೆಳಗ್ಗೆ ಅಂಗಡಿ ತೆರೆದು ಆಸ್ಪತ್ರೆಯ ಚಾದರಗಳನ್ನು ಮಷಿನ್ನಿಗೆ ತುರುಕುತ್ತಾ, ಸೋಪಿನ ಪುಡಿ ಮುಗಿದಿದೆ ಅನ್ನುವ ದನಿಯಲ್ಲಿ.

‘ಎಲ್ಲಿ ಕಂಡ್ತು?’ ಎಂದೆ.

‘ಒಳಗೆ.’

‘ಒಳಗೆ ಅಂದ್ರೆ? ಡ್ರೈಯರ್ ಒಳಗಾ?’

ಅಕ್ಕ ನಗಲಿಲ್ಲ. ನನ್ನ ಎಂಥ ಹಳಸಲು ಜೋಕಿಗೂ ನಗುವವಳು ಅವಳು.

ನಮ್ಮದು ಲಾಂಡ್ರಿ. ಆಸ್ಪತ್ರೆಯ ಚಾದರ, ಲಾಡ್ಜಿನ ಟವೆಲ್ಲು, ಸುತ್ತಮುತ್ತಲ ಮನೆಗಳ ಶರಟು ಪ್ಯಾಂಟು. ಮದುವೆ ಮುರಿದುಕೊಂಡು ನಾನು ಪೆಟ್ಟಿಗೆ ಹಿಡಿದು ಬಂದ ದಿನ ಅಕ್ಕ ಏನೂ ಕೇಳಲಿಲ್ಲ. ‘ಬಾ, ಈ ತುದಿ ಹಿಡ್ಕೋ’ ಅಂತ ಒದ್ದೆ ಚಾದರದ ತುದಿ ಕೈಗಿಟ್ಟಳು. ಹಿಡಿದೆ. ಮಷಿನ್ನುಗಳು ಓಡಲು ಶುರುವಾದರೆ ಪಕ್ಕದಲ್ಲಿ ಗುಡುಗಿದರೂ ಅಲ್ಲಿ ಕೇಳಿಸುವುದಿಲ್ಲ, ಹಾಗಾಗಿ ನಾವಿಬ್ಬರೂ ಮಾತಾಡುವುದು ಕೈಯಲ್ಲಿ. ಮೂಗು ಮುಟ್ಟಿದರೆ ಕಲೆ ಹೋಗಿಲ್ಲ. ಕಿವಿ ಹಿಡಿದರೆ ಗಿರಾಕಿ ಬಂದಿದ್ದಾನೆ. ಅಂಗೈ ಮಗುಚಿದರೆ ‘ಸಾಕು, ಹೊರಗೆ ತೆಗಿ’ ಅಂತ. ವರ್ಷಗಳು ಕಳೆದ ಹಾಗೆ ಜಗಳ, ಚಾಡಿ, ನಗು ಎಲ್ಲವೂ ಅದರಲ್ಲೇ ಆಗಿಹೋಯಿತು. ಗಿರಾಕಿಗಳನ್ನು ಅವರ ಎದುರಿಗೇ ಆಡಿಕೊಂಡಿದ್ದೇವೆ, ದೇವರು ಕ್ಷಮಿಸಲಿ.

ಕೆಲವು ತಿಂಗಳಿಂದ ಅಕ್ಕ ಭಾನುವಾರಗಳಂದು ಮೌನಮನೆಗೆ ಹೋಗುತ್ತಿದ್ದಳು. ಪೇಂಟಿನ ಅಂಗಡಿಯ ಮೇಲಿನ ಮಹಡಿ ಅದು. ಉದ್ದನೆಯ ಕೋಣೆ, ನೆಲದ ಮೇಲೆ ಚಾಪೆ, ಹಿಂದುಗಡೆ ಅಲ್ಲೇ ಉಳಿದುಕೊಂಡವರಿಗೆ ಸಣ್ಣ ಸಣ್ಣ ರೂಮುಗಳು. ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಾರೆ, ಅಷ್ಟೆ. ಮಂಡಿ ನೋವು ಬಂದರೆ ತಾನಾಗಿಯೇ ಬಿಡುತ್ತಾಳೆ ಅಂದುಕೊಂಡಿದ್ದೆ. ಈಗ ನೋಡಿದರೆ ಮನೆ, ಲಾಂಡ್ರಿ ಎರಡನ್ನೂ ಬಿಟ್ಟು ಆ ರೂಮೊಂದರಲ್ಲಿ ಇದ್ದುಬಿಡುತ್ತಾಳಂತೆ!

‘ಬೆಳಕು ಅಂದ್ರೆ ಬಲ್ಬ್ ಅಲ್ಲ ಕಣೇ,’ ಎಂದಳು. ‘ಯಾರೂ ನನ್ನ ಕರೀತಿಲ್ಲ, ಆದ್ರೂ ನಾನಿದ್ದೀನಿ ಅನ್ನಿಸ್ತು. ಯಾಕಿದ್ದೀನಿ ಅಂತ ಇನ್ನೂ ಗೊತ್ತಾಗಿಲ್ಲ. ಅದನ್ನ ನೋಡ್ಬೇಕು.’

‘ತಲೆ ನೆರೆತ ಮೇಲೆ ನೋಡ್ತೀಯಾ? ಈ ಚಾದರಗಳನ್ನ ನಾನೊಬ್ಬಳೇ ಹೇಗೆ ಮಡಿಸ್ಲಿ?’

‘ಯಾರನ್ನಾದ್ರೂ ಕೆಲಸಕ್ಕಿಟ್ಕೋ.’

ಯಾರನ್ನಾದರೂ! ನನ್ನ ಪಿತ್ತ ನೆತ್ತಿಗೇರಿತು. ಅಲ್ಲ, ಅಕ್ಕ ಅನ್ನುವುದೇನು ಬಾಡಿಗೆಗೆ ಸಿಗುವ ಸಾಮಾನೇ?

ಆದರೆ ಮೌನಮನೆಯಲ್ಲಿ ಒಂದು ನಿಯಮವಿತ್ತು. ಅಲ್ಲಿ ಉಳಿಯಲು ಬರುವವರು, ತಾವಿಲ್ಲದೆ ಯಾರ ದಿನ ನಡೆಯುವುದಿಲ್ಲವೋ ಅವರನ್ನು ಕರೆತರಬೇಕು. ಬಂದವರು ಬೆಳಗಿನಿಂದ ಸಂಜೆಯವರೆಗೆ ಪಕ್ಕದಲ್ಲಿ ಮೌನವಾಗಿ ಕೂತು, ಕೊನೆಗೆ ಬಾಯಿಬಿಟ್ಟು ‘ಒಪ್ಪಿದೆ’ ಅಥವಾ ‘ಇಲ್ಲ’ ಅನ್ನಬೇಕು. ‘ಇಲ್ಲ’ ಅಂದರೆ ಅವರು ಸೇರಿಸಿಕೊಳ್ಳುವುದಿಲ್ಲ. ಇದನ್ನು ಕೇಳಿದ ಮೇಲೆ ನನಗೆ ಹೋದ ಉಸಿರು ಬಂತು. ಒಂದೇ ಒಂದು ಶಬ್ದ ತಾನೆ? ದಿನವಿಡೀ ಬಾಯಿಗೆ ಬೀಗ ಹಾಕಿಕೊಂಡು ಕೂತು, ಸಂಜೆ ‘ಇಲ್ಲ’ ಅಂದು, ಅಕ್ಕನನ್ನು ಎಳೆದುಕೊಂಡು ಬರುವುದು ಅಂತ ತೀರ್ಮಾನಿಸಿದೆ.

ಭಾನುವಾರ ಹೋದೆವು. ಅಲ್ಲಿಯವರೆಲ್ಲ ‘ಹಿರಿಯಮ್ಮ’ ಅಂತ ಕರೆಯುವ, ದಪ್ಪ ಕನ್ನಡಕದ ಮುದುಕಿಯೊಬ್ಬಳು ನಮ್ಮನ್ನು ಒಂದು ಚಾಪೆಯ ಮೇಲೆ ಎದುರುಬದುರು ಕೂರಿಸಿದಳು. ಕಣ್ಣು ಮುಚ್ಚಿದೆ. ಕತ್ತಲೆ. ಬೆಳಕಂತೆ ಬೆಳಕು! ಅರೆಗಣ್ಣು ತೆರೆದೆ. ಅಕ್ಕನೂ ಅರೆಗಣ್ಣಲ್ಲಿ ನನ್ನನ್ನೇ ನೋಡುತ್ತಿದ್ದಳು. ಕಾಲು ಜೋಮು ಹಿಡಿದಿದೆ ಅಂದೆ, ಕೈಯಲ್ಲಿ. ಚಾಚಿಕೋ ಅಂದಳು. ಕಿಟಕಿ ಪಕ್ಕದವನು ಗೊರಕೆ ಹೊಡೆಯುತ್ತಿದ್ದಾನೆ ಅಂದೆ. ಅವಳ ಭುಜ ನಗುವಿಗೆ ಕುಲುಕಿತು. ಅಬ್ಬ, ನಮ್ಮಕ್ಕ ಇನ್ನೂ ನಮ್ಮಕ್ಕನೇ ಅಂತ ಧೈರ್ಯ ಬಂದು, ಮನೆಗೆ ಹೋಗೋಣ ನಡಿ ಅಂದೆ. ಇಲ್ಲ ಅಂದಳು. ಸ್ವಾರ್ಥಿ ಅಂದೆ. ನೀನು ಸ್ವಾರ್ಥಿ ಅಂದಳು. ಹೀಗೆ ಮಧ್ಯಾಹ್ನವಾಯಿತು. ತುಟಿ ಪಿಟಕ್ಕೆನ್ನದೆ ಕೂತದ್ದಕ್ಕೆ ನನಗೆ ನನ್ನ ಮೇಲೆ ಹೆಮ್ಮೆಯೇ ಆಗಿತ್ತು.

ಊಟದ ಹೊತ್ತಿಗೆ ಹಿರಿಯಮ್ಮ ನಮ್ಮಿಬ್ಬರನ್ನೂ ಮೆಟ್ಟಿಲ ಬಳಿ ಕರೆದಳು.

‘ಬೆಳಗ್ಗೆಯಿಂದ ನೀವಿಬ್ರೂ ಒಂದು ಗಳಿಗೆ ಸುಮ್ನಿರಲಿಲ್ಲ.’

‘ಏನಮ್ಮಾ ಹೀಗಂತೀರಿ?’ ನಾನು ಜಗಳಕ್ಕೇ ನಿಂತೆ. ‘ಒಂದೇ ಒಂದು ಮಾತಾಡಿದ್ರೆ ಕೇಳಿ!’

‘ಬಾಯಲ್ಲಿ ಅಲ್ಲ, ಕೈಯಲ್ಲಿ. ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು. ಇಡೀ ಕೋಣೆ ಕಣ್ಣು ಬಿಟ್ಕೊಂಡು ನಿಮ್ಮನ್ನೇ ನೋಡ್ತಾ ಇತ್ತು.’

ಆಣೆ ಮಾಡಿ ಹೇಳುತ್ತೇನೆ, ಅದು ಮಾತು ಅಂತ ನಮಗೆ ಹೊಳೆದೇ ಇರಲಿಲ್ಲ. ಅಕ್ಕನ ಮುಖ ಬಿಳುಚಿಕೊಂಡಿತು. ತನ್ನ ಎರಡೂ ಕೈಗಳನ್ನು ಯಾರದೋ ಕೈ ನೋಡುವಂತೆ ನೋಡಿಕೊಂಡಳು.

‘ಒಬ್ಬಳೇ ಬಂದಾಗ ಹೀಗಾಗ್ತಿರಲಿಲ್ಲ,’ ಎಂದಳು. ‘ಇವಳು ಎದುರಿಗಿದ್ರೆ ನನ್ ಕೈ ಸುಮ್ನಿರಲ್ಲ.’

ಆ ಮಾತು ನನಗೆ ಚುಚ್ಚಿತು. ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಅಂತ ಕೇಳಿದರೆ ಹೇಳಲಾರೆ.

ಮಧ್ಯಾಹ್ನದ ಮೇಲೆ ಹಿರಿಯಮ್ಮ ನಮ್ಮನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿದಳು. ನಡುವೆ ಒಂದು ಗೇಣು ಜಾಗ. ಅಕ್ಕ ಉಸಿರಾಡುವುದು ಕೇಳಿಸುತ್ತಿತ್ತು, ಕಾಣುತ್ತಿರಲಿಲ್ಲ. ಮೊದಮೊದಲು ಹಿರಿಯಮ್ಮನಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಅದು ಮುಗಿಯಿತು. ಆಮೇಲೆ ಸೋಮವಾರದ ಕೆಲಸ ನೆನಪಿಸಿಕೊಂಡೆ. ಅದೂ ಮುಗಿಯಿತು. ಇನ್ನೇನು ಯೋಚಿಸುವುದು ಅಂತ ಅಕ್ಕನನ್ನು ಕೇಳಲು ಕೈ ಎತ್ತಿದೆ. ಎದುರಿಗೆ ಗೋಡೆ ಇತ್ತು.

ಸರಿ, ನನಗೇನು ಇಷ್ಟವೋ ಅದನ್ನು ಯೋಚಿಸೋಣ ಅಂದುಕೊಂಡೆ. ಏನಿಷ್ಟ? ಕಾಫಿ. ಸಕ್ಕರೆ ಹಾಕಿದ್ದೋ, ಹಾಕದ್ದೋ? ಅಕ್ಕ ಸಕ್ಕರೆ ಬಿಟ್ಟಾಗ ನಾನೂ ಬಿಟ್ಟಿದ್ದೆ. ಅದಕ್ಕೂ ಮುಂಚೆ ಅವಳು ಹಾಕಿಕೊಳ್ಳುತ್ತಿದ್ದಷ್ಟೇ ಹಾಕಿಕೊಳ್ಳುತ್ತಿದ್ದೆ. ಲಾಂಡ್ರಿ ಇಷ್ಟವಾ? ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಎಲ್ಲಿ ಕೈ ಹಾಕಿದರೂ ಅಕ್ಕನದೇ ವಸ್ತು ಸಿಗುತ್ತಿತ್ತು. ನನ್ನದು ಅಂತ ಒಂದೂ ಇಲ್ಲವೇ ಅಂತ ತಡಕಾಡುತ್ತಾ ತಡಕಾಡುತ್ತಾ ನನಗೆ ಹೆದರಿಕೆಯಾಯಿತು. ನಿಜವಾದ ಹೆದರಿಕೆ. ಕತ್ತಲಲ್ಲಿ ಎದ್ದು ಕೂತು ನಾನೆಲ್ಲಿದ್ದೇನೆ ಅಂತ ಗೊತ್ತಾಗದೆ ಗಾಬರಿಯಾಗುತ್ತದಲ್ಲ, ಹಾಗೆ. ಆದರೆ ಆ ಗಾಬರಿ ಪಡುತ್ತಿದ್ದದ್ದು ಅಕ್ಕನಲ್ಲ, ನಾನು. ಅದಂತೂ ನನ್ನದೇ. ಇದೇನಾ ಅವಳು ಹೇಳಿದ್ದು? ಇದಕ್ಕೇನಾ ಬೆಳಕು ಅನ್ನುವುದು? ನನಗಂತೂ ತಲೆಬುಡ ತಿಳಿಯಲಿಲ್ಲ. ಯಾಕೋ ಅಳು ಬಂತು, ಸದ್ದಾಗದಂತೆ ಅತ್ತೆ.

ಸಂಜೆಯಾಯಿತು. ನಮ್ಮನ್ನು ತಿರುಗಿಸದೆಯೇ ಹಿರಿಯಮ್ಮ ಪಕ್ಕದಲ್ಲಿ ಬಂದು ನಿಂತಳು.

‘ಹೇಳಮ್ಮ.’

‘ಇಲ್ಲ’ ನಾಲಗೆಯ ತುದಿಯಲ್ಲೇ ಇತ್ತು. ಬಿಸಿತುಪ್ಪದ ಹಾಗೆ ನುಂಗಲೂ ಆಗದು, ಉಗುಳಲೂ ಆಗದು. ‘ಮೊದಲು ಅವಳನ್ನ ಒಂದು ಮಾತು ಕೇಳ್ಬೇಕು,’ ಅಂದೆ. ಹಿರಿಯಮ್ಮ ಕೇಳು ಅಂದಳು.

‘ಅಕ್ಕಾ, ನಾನಿಲ್ದೆ ನೀನು ಯಾರು ಅಂತ ನಿಂಗೊತ್ತಾ?’

ಬೆನ್ನ ಹಿಂದೆ ಅಕ್ಕ ಮೂಗೆಳೆದುಕೊಂಡ ಸದ್ದು ಕೇಳಿಸಿತು.

‘ಗೊತ್ತಿಲ್ಲ ಕಣೇ. ಗೊತ್ತಿಲ್ಲ ಅಂತಾನೇ ಹೋಗ್ತಿರೋದು.’

‘ನಂಗೂ ಗೊತ್ತಿಲ್ಲ,’ ಅಂದೆ. ‘ನಂಗೆ ತುಂಬಾ ಹೆದ್ರಿಕೆ ಆಗ್ತಿದೆ.’

‘ನಂಗೂ.’

ಅವಳ ಕೈ ಕಾಣುತ್ತಿರಲಿಲ್ಲ. ಮುಖವೂ ಕಾಣುತ್ತಿರಲಿಲ್ಲ. ಹೂಂ ಅನ್ನು ಅಂತ ಅವಳು ಕಣ್ಣಲ್ಲಿ ಬೇಡುತ್ತಿದ್ದಾಳೋ, ಬೇಡ ಅನ್ನುತ್ತಿದ್ದಾಳೋ, ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಗೋಡೆಯನ್ನೇ ನೋಡುತ್ತಾ ‘ಒಪ್ಪಿದೆ’ ಅಂದೆ. ಅಂದ ಮೇಲೆ ನನಗೇ ಆಶ್ಚರ್ಯವಾಯಿತು.

ಅಕ್ಕ ಗಕ್ಕನೆ ತಿರುಗಿದಳು. ನನ್ನ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳ ಕಣ್ಣುಗಳು ಕೆಂಪಗಾಗಿದ್ದವು, ಮೂಗು ಸೋರುತ್ತಿತ್ತು.

‘ಇಲ್ಲ ಅಂತೀಯ ಅಂತ ನಂಬ್ಕೊಂಡಿದ್ನಲ್ಲೇ!’ ಎಂದಳು. ‘ಆ ಧೈರ್ಯದ ಮೇಲೇ ಬಂದಿದ್ದು ನಾನು! ಈಗ ಏನೇ ಮಾಡ್ಲಿ? ಹೇಳೇ, ನಾನೇನ್ ಮಾಡ್ಲಿ?’

ಹುಟ್ಟಿದಾಗಿನಿಂದ ಅಕ್ಕ ನನ್ನನ್ನು ಹಾಗೆ ಕೇಳಿದವಳಲ್ಲ. ಮನೆಗೆ ಬಾ ಅಂದಿದ್ದರೆ ಆ ಗಳಿಗೆಯಲ್ಲಿ ಚಪ್ಪಲಿ ಹಾಕಿಕೊಂಡು ನನ್ನ ಹಿಂದೆ ಬರುತ್ತಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಮುಖವನ್ನು ನನ್ನ ಸೆರಗಿನಿಂದ ಒರೆಸಿದೆ.

‘ಒಳಗೆ ಹೋಗು,’ ಅಂದೆ.

ಹಿರಿಯಮ್ಮ ಹಿಂದಿನ ರೂಮಿನ ಬಾಗಿಲು ತೆರೆದು ಹಿಡಿದಿದ್ದಳು. ಅಕ್ಕ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ, ಒಳಗೆ ಹೋದಳು. ಅವಳಾಗಿ ಹೋದಳೋ, ನಾನು ಹೇಳಿದೆನೆಂದು ಹೋದಳೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.