ನಾಲ್ಕನೇ ಕಲಿಕಾ ಗುರಿ

ನಮ್ಮ ಕಾಲೇಜಿನಲ್ಲಿ ಪ್ರತಿ ಬೆಂಚಿಗೂ ಒಂದು ಹಾಳೆ ಅಂಟಿಸಿರುತ್ತಾರೆ. ಪಾಠ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗೆ ಏನೇನು ಬರಬೇಕು ಎಂಬ ಪಟ್ಟಿ ಅದು. ಬಿ.ಸಿ.ಎ. ಮೊದಲ ವರ್ಷದ ಕಂಪ್ಯೂಟರ್ ಆರ್ಗನೈಸೇಶನ್ ಪೇಪರಿಗೆ ಐದು ಕಲಿಕಾ ಗುರಿಗಳು. ನಾಲ್ಕನೆಯದು: 'ಮೆಮೊರಿಯಲ್ಲಿರುವ ಆದೇಶಗಳನ್ನು ಪ್ರೊಸೆಸರು ಒಂದೊಂದಾಗಿ ತಂದು, ಅರ್ಥೈಸಿ, ನೆರವೇರಿಸುವ ಕ್ರಮವನ್ನು ವಿವರಿಸಲು ವಿದ್ಯಾರ್ಥಿಯು ಸಮರ್ಥನಾಗುತ್ತಾನೆ.' ಯಾವ ಊರಿನ ಫೈಲಿನಿಂದ ಎತ್ತಿದ್ದರೋ, ಬಳ್ಳಾರಿಯ ಈ ಹುಡುಗಿಯರ ಕಾಲೇಜಿನಲ್ಲೂ 'ಸಮರ್ಥನಾಗುತ್ತಾನೆ' ಹಾಗೇ ಉಳಿದಿತ್ತು.

ಉಪನ್ಯಾಸಕರು ತಮ್ಮ ಪಾಠದ ಫೈಲಿನಲ್ಲಿ ಪ್ರತಿ ಗುರಿಯ ಮುಂದೆ 'ಸಾಧಿಸಲಾಗಿದೆ' ಎಂದು ಬರೆಯುವುದು ವರ್ಷದ ಕೊನೆಗಲ್ಲ, ಮೊದಲ ವಾರ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಅತಿಥಿ ಉಪನ್ಯಾಸಕಿಯಾಗಿ ಎರಡು ವರ್ಷ ನಾನೂ ಹಾಗೇ ಬರೆದೆ. ಮೂರನೆಯ ವರ್ಷ ನಾಲ್ಕನೆಯ ಗುರಿಯ ಮುಂದೆ ಮಾತ್ರ ಖಾಲಿ ಬಿಟ್ಟೆ. ಹುಡುಗಿಯರಿಗೆ ನಿಜವಾಗಿ ತಿಳಿದ ಮೇಲೆ ಬರೆಯೋಣ ಎಂಬ ಹುಚ್ಚು.

ತಿಳಿಸುವುದು ಹೇಗೆ? ಪುಸ್ತಕದ ಚಿತ್ರವನ್ನು ಬೋರ್ಡಿಗೆ ಇಳಿಸಿದರೆ ಅವರು ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು, ಅಷ್ಟೇ. ಆಗ ನನಗೆ ಕುರುಗೋಡಿನ ಅಜ್ಜಿ ಹಂಪಕ್ಕನ ಮರೆಗುಳಿ ರಾಣಿ ನೆನಪಾದಳು. ಬೇಸಿಗೆ ರಜೆಗೆ ಸಿರುಗುಪ್ಪದಿಂದ ಅಲ್ಲಿಗೆ ಹೋದಾಗಲೆಲ್ಲ ಕೇಳಿದ ಕತೆ. ಅಜ್ಜಿ ಹೇಳಿದ ಹಾಗೇ ಹೇಳಿದೆ.

"ಆ ರಾಣಿಗೆ ಉಂಡದ್ದು ಕೈ ತೊಳಿಯೋದ್ರಾಗ ಮರ್ತು ಹೋಗ್ತಿತ್ತು. ಅದಕ್ಕ ಗೋಡಿ ತುಂಬ ಗೂಡು ಕಟ್ಟಿಸಿದ್ಲು. ಕೆಲವು ಗೂಡಿನಾಗ ಚೀಟಿ, ಕೆಲವುದ್ರಾಗ ಕಾಳು. ಗೋಡಿ ಮ್ಯಾಲೆ ಒಂದು ಹಲ್ಲಿ. ಹಲ್ಲಿ ಯಾವ ಗೂಡಿನ ಹತ್ರ ಇರ್ತದೋ ಆ ಗೂಡಿನ ಚೀಟಿ ಓದಬೇಕು. 'ಹತ್ತನೇ ಗೂಡಿನ ಕಾಳು ಎಡಗೈಗೆ ತಗೋ' ಅಂತಿದ್ರ ತಗೋಬೇಕು. ಅಷ್ಟರಾಗ ಹಲ್ಲಿ ಮುಂದಿನ ಗೂಡಿಗೆ ಹೋಗಿರ್ತದ. ಹಿಂಗ ರಾಣಿ ರಾಜ್ಯ ಆಳಿದ್ಲು."

ರಾಣಿ ಪ್ರೊಸೆಸರು, ಗೂಡಿನ ಗೋಡೆ ಮೆಮೊರಿ, ಚೀಟಿ ಆದೇಶ, ಕಾಳು ಲೆಕ್ಕದ ಅಂಕಿ, ಅಂಗೈಗಳು ಆ ಅಂಕಿಯನ್ನು ಗಳಿಗೆಯ ಮಟ್ಟಿಗೆ ಹಿಡಿದಿಡುವ ರಿಜಿಸ್ಟರು, ಮುಂದಿನ ಆದೇಶ ಎಲ್ಲಿದೆ ಎಂದು ತೋರಿಸುವ ಕೌಂಟರೇ ಹಲ್ಲಿ. ಬೋರ್ಡಿನ ಮೇಲೆ ಹಲ್ಲಿ ಬರೆದಾಗ ಕ್ಲಾಸು ಕಿಸಕ್ಕನೆ ನಕ್ಕಿತು. ಆದರೆ ಆವತ್ತು ಯಾರೂ ಗಡಿಯಾರ ನೋಡಲಿಲ್ಲ.

ಎರಡನೆಯ ಬೆಂಚಿನ ಜಾಸ್ಮಿನ್ ಎದ್ದು ನಿಂತಳು. ಕುರುಗೋಡಿನಿಂದ ದಿನಾ ಬಸ್ಸಿಗೆ ಬರುವ, ಆವರೆಗೆ ಹಾಜರಿಗೆ ಬಿಟ್ಟು ಬಾಯಿ ತೆರೆಯದ ಹುಡುಗಿ.

"ಮೇಡಂ, ಚೀಟಿಗೂ ಕಾಳಿಗೂ ಒಂದ ಗೋಡಿ ಅಲ್ರಿ?"

"ಹೌದು."

"ಹಲ್ಲಿ ತಪ್ಪಿ ಕಾಳಿನ ಗೂಡಿನ ಹತ್ರ ಹೋಗಿ ನಿಂತ್ರ? ರಾಣಿ ಕಾಳನ್ನ ಚೀಟಿ ಅಂತ ಓದ್ತಾಳೇನ್ರಿ? ಓದಿ ಏನ್ ಮಾಡ್ತಾಳ್ರಿ?"

"ಜ್ವಾಳದ ರೊಟ್ಟಿ ಮಾಡ್ತಾಳ, ಕುಂದರಲೇ," ಎಂದಳು ಪಕ್ಕದವಳು. ಎಲ್ಲರೂ ನಕ್ಕರು. ನನಗೆ ಮಾತ್ರ ಮೈ ಜುಂ ಎಂದಿತು. ಇಡೀ ಯಂತ್ರದ ಗುಟ್ಟು ಅವಳ ಕೈಗೆ ಸಿಕ್ಕಿತ್ತು. ಅಷ್ಟರಲ್ಲಿ ಬೆಲ್ ಹೊಡೆಯಿತು. "ನಾಳೆ ಹೇಳ್ತೀನಿ. ಮರೀಬ್ಯಾಡ ಈ ಪ್ರಶ್ನಿನ," ಎಂದೆ.

"ನಾನೇನು ರಾಣಿ ಅಲ್ಲಲ್ರಿ ಮೇಡಂ, ಮರ್ಯಾಕ," ಎಂದಳು.

ಆ ನಾಳೆ ಬರಲಿಲ್ಲ. ಬೆಳಿಗ್ಗೆಯೇ ವಿಭಾಗದ ಮುಖ್ಯಸ್ಥರಾದ ಸಂಗಮೇಶ್ ಸರ್ ಕರೆಸಿದರು. ಮುಂದಿನ ವಾರ ಕಾಲೇಜಿಗೆ ಪರಿಶೀಲನಾ ಕಮಿಟಿ ಬರುವುದಿತ್ತು. ನನ್ನ ಫೈಲು ಅವರ ಮುಂದೆ ತೆರೆದಿತ್ತು.

"ಏನ್ರಿ ಶೈಲಜಾ ಮೇಡಂ, ನಾಲ್ಕನೇದು ಖಾಲಿ ಬಿಟ್ಟೀರಿ?"

"ಹುಡುಗ್ಯಾರಿಗೆ ಈಗೀಗ ತಿಳ್ಯಾಕ ಹತ್ತೈತ್ರಿ ಸರ್."

"ತಿಳ್ಯಾಕ? ಬೋರ್ಡಿನ ಮ್ಯಾಲೆ ಹಲ್ಲಿ ಬರದೀರಂತಲ್ಲ. ಇದೇನು ಅಂಗನವಾಡಿ ಏನ್ರಿ? ಕಮಿಟಿಯೋರ ಮುಂದ ಒಬ್ಬಾಕಿ ರಾಣಿ ಅಂತ ಬಾಯಿ ಬಿಟ್ರೂ ಮುಗೀತು ನಮ್ಮ ಕತಿ." ಡ್ರಾಯರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಮಗುಚಿಟ್ಟರು. "ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ. ಕಮಿಟಿ ಹೋದ ಮ್ಯಾಲೆ ಸಹಿ ಮಾಡ್ತೀನಿ. ಐದೂ ಗುರಿ ಎಲ್ಲರಿಗೂ ಬಾಯಿಪಾಠ ಬರಬೇಕ್ರಿ. ಅಕ್ಷರ ಬಿಡಂಗಿಲ್ಲ. ಕಮಿಟಿಗೆ ಹೋದ ವರ್ಷದ ಫೈಲು ತೋರಸ್ತೀನಿ, ಇದನ್ನ ಆಮ್ಯಾಲೆ ತುಂಬ್ರಿ."

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪಾರ್ವತಿನಗರದ ರೂಮು ಬಿಟ್ಟು ಸಿರುಗುಪ್ಪಕ್ಕೆ ಮರಳಬೇಕು. ಅಲ್ಲಿ ಅವ್ವ ನನ್ನ ಫೋಟೊ ಎಷ್ಟು ಮನೆಗೆ ಕಳಿಸಿದ್ದಾಳೋ ನನಗೆ ಗೊತ್ತಿಲ್ಲ. ಆ ದಿನದಿಂದ ಕ್ಲಾಸಿನಲ್ಲಿ ಪಾಠ ನಿಂತಿತು. ನಾನು ಹೇಳಿದೆ, ಅವರು ಹೇಳಿದರು. ಮಗ್ಗಿಯ ಹಾಗೆ. ಜಾಸ್ಮಿನ್ ಒಮ್ಮೆ ಕೈ ಎತ್ತಿದಳು. "ಕಮಿಟಿ ಹೋಗ್ಲಿ," ಎಂದೆ.

ಕಮಿಟಿಯಲ್ಲಿ ಮೂವರಿದ್ದರು. ಇಬ್ಬರು ಫ್ಯಾನು, ಕಿಟಕಿ ಎಣಿಸುತ್ತ ನಿಂತರೆ ಮೂರನೆಯವರು, ಮೆತ್ತನೆಯ ದನಿಯ ಮುದುಕರು, ನೇರ ಎರಡನೆಯ ಬೆಂಚಿಗೆ ಬಂದರು.

"ನಾಲ್ಕನೇ ಗುರಿ ಏನಮ್ಮ?"

ಜಾಸ್ಮಿನ್ ಹಾಳೆ ನೋಡದೆ ಹೇಳಿದಳು. ಕೊನೆಗೆ 'ಸಮರ್ಥನಾಗುತ್ತಾನೆ' ಎಂದಾಗ ಮುದುಕರು ಮುಗುಳ್ನಕ್ಕರು. ಸಂಗಮೇಶ್ ಸರ್ ತಲೆಯಾಡಿಸಿದರು.

"ಚೆನ್ನಾಗಿ ಹೇಳ್ದೆ. ಇದು ಹಾಳೆಯದಾಯ್ತು. ಈ ಪಾಠ ಕೇಳುವಾಗ ನಿನಗೇ ಅಂತ ಏನಾದರೂ ಪ್ರಶ್ನೆ ಹುಟ್ಟಿತ್ತಾ? ಅದನ್ನ ಹೇಳು, ಹೆದರಬೇಡ."

ಜಾಸ್ಮಿನ್‌ಳ ಮುಖ ಬೆಳಗಿತು. ತುಟಿ ತೆರೆದಳು. ತೆರೆದು, ಹೇಳಲೇ ಎನ್ನುವ ಹಾಗೆ ನನ್ನ ಕಡೆ ನೋಡಿದಳು. ಆ ಮುದುಕರು ಕಾಯುತ್ತಿದ್ದರು. ಬಹುಶಃ ಎಷ್ಟೋ ಕಾಲೇಜುಗಳಲ್ಲಿ ಹೀಗೇ ಕಾದಿದ್ದರು. ನನ್ನ ಪಕ್ಕದಲ್ಲಿ ಸಂಗಮೇಶ್ ಸರ್ ಪೆನ್ನಿನಿಂದ ಫೈಲನ್ನು ಟಕ್ ಟಕ್ ಕುಟ್ಟಿದರು.

ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಸ್ವಲ್ಪವೇ.

"ಇಲ್ರಿ ಸರ್," ಎಂದಳು ಜಾಸ್ಮಿನ್. "ಏನೂ ಹುಟ್ಟಿಲ್ರಿ."

ಮುದುಕರು ಏನೋ ಬರೆದುಕೊಂಡು ಮುಂದಿನ ಕೋಣೆಗೆ ನಡೆದರು. 'ವಿದ್ಯಾರ್ಥಿಗಳಿಗೆ ಕಲಿಕಾ ಗುರಿಗಳ ಸಂಪೂರ್ಣ ಅರಿವಿದೆ' ಎಂದು ವರದಿ ಬಂತು. ಸಂಗಮೇಶ್ ಸರ್ ಸ್ಟಾಫ್ ರೂಮಿಗೆ ಮಿರ್ಚಿ ತರಿಸಿದರು. ಪಟ್ಟಿಗೆ ಸಹಿ ಬಿತ್ತು. ನನ್ನದು ಮೂರನೆಯ ಹೆಸರು.

ಆವತ್ತೇ ಕಾರಿಡಾರಿನಲ್ಲಿ ಜಾಸ್ಮಿನ್ ಅಡ್ಡ ಬಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸರಿ ಹೇಳಿದ್ನೇನ್ರಿ ಮೇಡಂ?"

"ಚಲೋ ಹೇಳ್ದಿ."

"ಆ ಹಲ್ಲಿ ಪ್ರಶ್ನಿಗೆ ಉತ್ತರ?"

ಉತ್ತರ ನನಗೆ ಗೊತ್ತಿತ್ತು. ರಾಣಿ ಕಾಳನ್ನೂ ಚೀಟಿಯೆಂದೇ ಓದುತ್ತಾಳೆ. ಯಾವುದು ಆದೇಶ, ಯಾವುದು ಅಲ್ಲ ಎಂದು ಅವಳಿಗೆ ತಿಳಿಯುವುದೇ ಇಲ್ಲ. ಹಲ್ಲಿ ನಿಂತಲ್ಲೆಲ್ಲ ತಲೆಬಾಗುತ್ತಾಳೆ. ಹೇಳಲು ಎರಡು ನಿಮಿಷ ಸಾಕಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ಸಂಗಮೇಶ್ ಸರ್ ನಿಂತಿದ್ದರು.

"ಅದು ಪರೀಕ್ಷಿಗೆ ಬರಂಗಿಲ್ಲವ್ವ," ಎಂದೆ.

"ಹೌದೇನ್ರಿ," ಎಂದು ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೋದಳು. ಆಮೇಲೆ ಅವಳು ಕೈ ಎತ್ತಲಿಲ್ಲ.

ಕಿರುಪರೀಕ್ಷೆಯಲ್ಲಿ ನಾಲ್ಕನೆಯ ಗುರಿಯ ಮೇಲೆ ಎಂಟು ಅಂಕದ ಪ್ರಶ್ನೆ ನಾನೇ ಹಾಕಿದೆ, 'ನಿಮ್ಮ ಮಾತಿನಲ್ಲಿ ವಿವರಿಸಿ' ಎಂದು. ಜಾಸ್ಮಿನ್‌ಳ ಉತ್ತರ ಪತ್ರಿಕೆಯನ್ನು ಕೊನೆಗೆ ಉಳಿಸಿಕೊಂಡು ತಿದ್ದಿದೆ. ಪುಸ್ತಕದ ಒಂದೂವರೆ ಪುಟ, ಅಲ್ಪವಿರಾಮ ಸಹಿತ. ಗೂಡಿಲ್ಲ, ಕಾಳಿಲ್ಲ. ಪುಟದ ಅಂಚು, ಹಿಂಬದಿ, ಹೊಡೆದು ಹಾಕಿದ ಸಾಲು, ಎಲ್ಲ ಹುಡುಕಿದೆ. ಎಲ್ಲೂ ಹಲ್ಲಿಯ ಬಾಲವೂ ಕಾಣಲಿಲ್ಲ.

ಕಳೆಯಲು ಒಂದು ತಪ್ಪೂ ಇರಲಿಲ್ಲ. ಎಂಟಕ್ಕೆ ಎಂಟು ಕೊಟ್ಟೆ. ಆಮೇಲೆ ಫೈಲು ಎಳೆದುಕೊಂಡು ಖಾಲಿ ಬಿಟ್ಟಿದ್ದ ಜಾಗದಲ್ಲಿ, ಉಳಿದ ನಾಲ್ಕರ ಹಾಗೇ ದುಂಡಗೆ, 'ಸಾಧಿಸಲಾಗಿದೆ' ಎಂದು ಬರೆದೆ.